ಯಾವ ಪಾಚಿ ಬೆಳೆಸಬೇಕು? ಮೊದಲು ತಿನ್ನುವ ಬಾಯಿ ನೋಡಿ

"ಸರ್, ಸ್ಪಿರುಲಿನಾ ಹಾಕಲಾ, ಕ್ಲೋರೆಲ್ಲಾ ಹಾಕಲಾ?" ಎರಡೂ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಗಳು, ಈ ಪ್ರಶ್ನೆಯನ್ನು ನನಗೆ ತುಂಬ ಜನ ಕೇಳುತ್ತಾರೆ. ಫಿಶರೀಸ್ ಓದುವ ಹುಡುಗರು, ಹ್ಯಾಚರಿಗೆ (ಮೊಟ್ಟೆಯಿಂದ ಮರಿ ಮಾಡಿ ಸಾಕುವ ಜಾಗ) ಹೊಸದಾಗಿ ಸೇರಿದವರು, ಊರಲ್ಲಿ ಅರ್ಧ ಎಕರೆ ಖಾಲಿ ಬಿದ್ದಿದೆ ಏನಾದರೂ ಮಾಡೋಣ ಅಂತ ಹೊರಟವರು. ಎಲ್ಲರಿಗೂ ನಾನು ಒಂದೇ ಮಾತು ತಿರುಗಿ ಕೇಳುತ್ತೇನೆ. ಅದನ್ನು ತಿನ್ನುವವರು ಯಾರು?

ಸೀಗಡಿ ಮರಿಯಾ, ಮರುವಾಯಿ ಚಿಪ್ಪಿನ ಮರಿಯಾ, ಮೀನಿನ ಮರಿಗೆ ಹಾಕುವ ರೋಟಿಫರ್ ಅನ್ನುವ ಸಣ್ಣ ಜೀವಿಯಾ, ಮನುಷ್ಯರಾ? ಇದು ಗೊತ್ತಾಗದೆ ಪಾಚಿ ಆರಿಸುವುದು ಅಂದರೆ ಮನೆಗೆ ಬರುವವರು ಎಳೆ ಮಗುವೋ ದೊಡ್ಡವರೋ ತಿಳಿಯದೆ ಅಡುಗೆಗೆ ಇಟ್ಟ ಹಾಗೆ. ಎಷ್ಟೋ ಜನ ಮಾರ್ಕೆಟ್ ರೇಟು ನೋಡಿ ಶುರು ಮಾಡುತ್ತಾರೆ. ಆರು ತಿಂಗಳಾದ ಮೇಲೆ ಟ್ಯಾಂಕ್ ತುಂಬ ಹಸಿರು ನೀರಿರುತ್ತದೆ, ಕೊಳ್ಳುವವರು ಇರುವುದಿಲ್ಲ. ಹಾಗಾಗಿ ಇಲ್ಲಿ ನಾನು ತಿನ್ನುವವರ ಕಡೆಯಿಂದಲೇ ಶುರು ಮಾಡುತ್ತೇನೆ. ಆಮೇಲೆ ನಿಮ್ಮ ನೀರು, ನಿಮ್ಮ ಊರಿನ ಬಿಸಿಲು, ಕೊನೆಗೆ ಪಾಚಿಯನ್ನು ನೀರಿನಿಂದ ಹೊರತೆಗೆಯುವ ಕಷ್ಟ.

ಸೀಗಡಿ ಮರಿಗೆ

ಸೀಗಡಿಯ ಮೊಟ್ಟೆ ಒಡೆದಾಗ ಬರುವ ಮರಿಗೆ ನಾಪ್ಲಿಯಸ್ ಅಂತ ಹೆಸರು. ಅದು ಏನೂ ತಿನ್ನುವುದಿಲ್ಲ, ಮೈಯಲ್ಲಿ ಕೂಡಿಟ್ಟ ಆಹಾರದಲ್ಲೇ ಬದುಕುತ್ತದೆ. ಸುಮಾರು ಎರಡು ದಿನದಲ್ಲಿ ಅದು ಝೋಯಿಯಾ ಆಗುತ್ತದೆ, ಆ ಗಳಿಗೆಯಿಂದ ಅದಕ್ಕೆ ಹೊಟ್ಟೆ ತುಂಬ ಪಾಚಿ ಬೇಕು. ಝೋಯಿಯಾ ಬೇಟೆಯಾಡುವ ಪ್ರಾಣಿ ಅಲ್ಲ. ಈಜುತ್ತಾ ಹೋದ ಕಡೆ ನೀರನ್ನು ಸೋಸಿ, ಸಿಕ್ಕಿದ್ದನ್ನು ನುಂಗುತ್ತದೆ. ಹಾಗಾಗಿ ಪಾಚಿ ಅದರ ಸುತ್ತ ಎಲ್ಲ ಕಡೆ, ಎಲ್ಲ ಹೊತ್ತೂ ಇರಬೇಕು.

ಇಲ್ಲಿ ನನ್ನ ಆಯ್ಕೆ ಕೀಟೊಸೆರಾಸ್. ಬೇರೆ ಮಾತೇ ಇಲ್ಲ. ಇದು ಡಯಾಟಮ್, ಅಂದರೆ ಗಾಜಿನಂಥ ಸಿಲಿಕಾ ಕವಚ ಇರುವ ಪಾಚಿ. ಬಿಸಿ ನೀರಿಗೆ ಹೆದರುವುದಿಲ್ಲ. ಹ್ಯಾಚರಿ ನೀರು 28ರಿಂದ 32 ಡಿಗ್ರಿ ಇರುತ್ತದಲ್ಲ, ಅದರಲ್ಲೇ ಚೆನ್ನಾಗಿ ಬೆಳೆಯುತ್ತದೆ. ಮರಿಗೆ ಬೇಕಾದ ಇಪಿಎ ಅನ್ನುವ ಕೊಬ್ಬಿನಾಮ್ಲವೂ ಇದರಲ್ಲಿದೆ. ಇದಕ್ಕೆ ಹಳೆಯ ಪೈಪೋಟಿ ಸ್ಕೆಲಿಟೋನಿಮಾ. ಜಪಾನಿನ ಮೊಟೊಸಾಕು ಫುಜಿನಾಗಾ 1930ರ ದಶಕದಲ್ಲಿ ಕುರುಮಾ ಸೀಗಡಿಯನ್ನು ಮೊಟ್ಟೆಯಿಂದ ಬೆಳೆಸಲು ಹೊರಟಾಗ ಮರಿಗೆ ತಿನ್ನಿಸಿದ್ದು ಇದನ್ನೇ. ಇವತ್ತಿನ ಇಡೀ ಸೀಗಡಿ ಹ್ಯಾಚರಿ ಉದ್ಯಮ ಆ ಕೆಲಸದ ಮೇಲೆ ನಿಂತಿದೆ ಅಂದರೆ ತಪ್ಪಿಲ್ಲ. ಆದರೆ ಸ್ಕೆಲಿಟೋನಿಮಾ ಸರಪಳಿ ಸರಪಳಿಯಾಗಿ ಬೆಳೆಯುತ್ತದೆ, ನಮ್ಮ ಬಿಸಿಗೆ ಬೇಗ ಸುಸ್ತಾಗುತ್ತದೆ. ದೊಡ್ಡ ಮರಿಗಳಿಗೆ, ಅಂದರೆ ಝೋಯಿಯಾ ಮೂರನೇ ಹಂತ ಮತ್ತು ಅದರ ಮುಂದಿನ ಹಂತವಾದ ಮೈಸಿಸ್‌ಗೆ, ಥಲಾಸಿಯೋಸಿರಾ ಒಳ್ಳೆಯದು. ಅದರ ಕೋಶ ಕೀಟೊಸೆರಾಸ್‌ಗಿಂತ ದಪ್ಪ, ಒಂದೊಂದು ತುತ್ತಿಗೂ ಜಾಸ್ತಿ ಸಿಗುತ್ತದೆ.

ಸಾಮಾನ್ಯವಾಗಿ ಝೋಯಿಯಾ ಟ್ಯಾಂಕಿನಲ್ಲಿ ಒಂದು ಎಂಎಲ್ ನೀರಿಗೆ 50,000ದಿಂದ 1,00,000 ಕೋಶ ಇರುವಂತೆ ನೋಡಿಕೊಳ್ಳುತ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ಎಣಿಸಿ ಹಾಕಿ, ಕಣ್ಣಂದಾಜು ಬೇಡ. ಮರಿ ತಿಂದಿದೆಯಾ ಅಂತ ತಿಳಿಯಲು ಬೀಕರಿನಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಹೊಟ್ಟೆ ತುಂಬಿದ ಝೋಯಿಯಾ ಹಿಂದೆ ಮಲದ ಉದ್ದನೆ ದಾರ ಎಳೆದುಕೊಂಡು ಈಜುತ್ತದೆ. ದಾರ ಇಲ್ಲ ಅಂದರೆ ಹಸಿದಿದೆ. ಅಥವಾ ಹುಷಾರಿಲ್ಲ.

ಒಂದು ವಿಷಯ ನಾನು ನೋವಿನಿಂದಲೇ ಕಲಿತೆ. ನಾನು ಮೊದಲು ಕೆಲಸಕ್ಕಿದ್ದ ಹ್ಯಾಚರಿಯಲ್ಲಿ ಒಂದು ಸಲ ಸೋಡಿಯಂ ಸಿಲಿಕೇಟ್ ಮುಗಿದಿತ್ತು. ಹೊಸದು ತರಿಸಲಿಲ್ಲ, "ಉಳಿದ ಗೊಬ್ಬರ ಎಲ್ಲ ಇದೆಯಲ್ಲ, ನಡೆಸಿ" ಅಂದರು. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಕೀಟೊಸೆರಾಸ್ ಬೆಳೆಯುವುದು ನಿಂತಿತು, ಮೂರನೇ ದಿನ ಕಂದು ಬಣ್ಣ ಹೋಗಿ ತಳಕ್ಕೆ ಕೂತಿತು. ಅಷ್ಟರಲ್ಲಿ ನಮ್ಮ ಝೋಯಿಯಾ ಎರಡನೇ ಹಂತದಲ್ಲಿತ್ತು. ಕೊಡಲು ಪಾಚಿ ಇಲ್ಲ, ಲಕ್ಷಗಟ್ಟಲೆ ಮರಿ ಒಂದೇ ರಾತ್ರಿ ಹೋಯಿತು. ಡಯಾಟಮ್ ಬೆಳೆಸುವವರು ಸಿಲಿಕೇಟ್ ಡಬ್ಬಿ ಅರ್ಧಕ್ಕೆ ಬಂದಾಗಲೇ ಆರ್ಡರ್ ಹಾಕಬೇಕು. ಎಫ್ ಬೈ ಟೂ ಮೀಡಿಯಂನಲ್ಲಿ (ಪಾಚಿ ಬೆಳೆಸುವ ಗೊಬ್ಬರದ ನೀರು) ಲೀಟರಿಗೆ ಬೇಕಾಗಿರುವುದು ಬರೀ 30 ಮಿಲಿಗ್ರಾಂ. ಆದರೆ ಆ 30 ಮಿಲಿಗ್ರಾಂ ಇಲ್ಲದೆ ಕೋಶ ತನ್ನ ಕವಚ ಕಟ್ಟಲಾರದು, ಕವಚ ಇಲ್ಲದೆ ಎರಡಾಗಲಾರದು.

ಚಿಪ್ಪಿನ ಜೀವಿಗಳಿಗೆ

ಮರುವಾಯಿ, ನೀಲಿಕಲ್ಲು, ಮುತ್ತಿನ ಚಿಪ್ಪು ಇವುಗಳ ಮರಿಗಳ ಬಾಯಿ ತೀರಾ ಚಿಕ್ಕದು. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಈ ಮರಿಗಳಿಗೆ ಬೇಕಾದ ತುತ್ತು 10 ಮೈಕ್ರಾನಿಗಿಂತ ಕಡಿಮೆ. ಇಲ್ಲಿ ಐಸೊಕ್ರೈಸಿಸ್ ಮುಂದು. 4ರಿಂದ 6 ಮೈಕ್ರಾನ್ ಗಾತ್ರ, ಗಟ್ಟಿ ಹೊರಗೋಡೆ ಇಲ್ಲ, ಹಾಗಾಗಿ ಸುಲಭವಾಗಿ ಅರಗುತ್ತದೆ. ಡಿಎಚ್‌ಎ ಅನ್ನುವ ಕೊಬ್ಬಿನಾಮ್ಲ ಚೆನ್ನಾಗಿದೆ. ತೂತ್ತುಕುಡಿಯಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 1981ರಲ್ಲಿ ಮುತ್ತಿನ ಚಿಪ್ಪಿನ ಮರಿಗಳನ್ನು ಹ್ಯಾಚರಿಯಲ್ಲೇ ಬೆಳೆಸಿ ತೋರಿಸಿದರು, ಆ ಕೆಲಸದಲ್ಲಿ ಮರಿಗಳ ಊಟ ಇದೇ ಐಸೊಕ್ರೈಸಿಸ್ ಆಗಿತ್ತು.

"ನಮ್ಮ ಹತ್ತಿರ ನ್ಯಾನೊಕ್ಲೊರಾಪ್ಸಿಸ್ ಇದೆ, ಅದು ಇನ್ನೂ ಚಿಕ್ಕದಲ್ವಾ, ಅದನ್ನೇ ಹಾಕಿದರೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಗಾತ್ರ ಸರಿ, ಆದರೆ ಹೊರಗೋಡೆ ಗಟ್ಟಿ. ಮರಿ ನುಂಗುತ್ತದೆ, ಅರಗಿಸಿಕೊಳ್ಳಲಾಗದೆ ಹಾಗೇ ಹೊರಗೆ ಹಾಕುತ್ತದೆ. ಮೈಕ್ರೋಸ್ಕೋಪಿನಲ್ಲಿ ಹೊಟ್ಟೆ ಹಸಿರಾಗಿ ಕಾಣುತ್ತದೆ, ನಮಗೆ ಸಮಾಧಾನವಾಗುತ್ತದೆ, ಮರಿ ಮಾತ್ರ ಬೆಳೆಯುವುದಿಲ್ಲ.

ಐಸೊಕ್ರೈಸಿಸ್ ತರಿಸುವಾಗ ಯಾವ ತಳಿ ಅಂತ ಕೇಳಲೇಬೇಕು. ಹಳೆಯ ಐಸೊಕ್ರೈಸಿಸ್ ಗಲ್ಬಾನಾ ತಂಪು ಸಮುದ್ರದ್ದು, ಏಪ್ರಿಲ್ ಮೇ ತಿಂಗಳಲ್ಲಿ ಎಸಿ ಇಲ್ಲದ ರೂಮಿನಲ್ಲಿ ಉಳಿಯುವುದಿಲ್ಲ. ತಹೀಟಿ ದ್ವೀಪದಿಂದ ಬಂದ ತಳಿ ಬಿಸಿ ತಡೆಯುತ್ತದೆ. ಅದನ್ನು ಟಿ ಐಸೊ ಅಂತಲೇ ಎಲ್ಲರೂ ಕರೆಯುವುದು. 2013ರಲ್ಲಿ ಅದಕ್ಕೆ ಟಿಸೊಕ್ರೈಸಿಸ್ ಲೂಟಿಯಾ ಅಂತ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ನಮಗೆ ಬೇಕಾದದ್ದು ಅದು.

ಮೀನಿನ ಮರಿಗೆ, ಅಂದರೆ ರೋಟಿಫರ್‌ಗೆ

ಸೀಬಾಸ್‌ನಂಥ ಕಡಲ ಮೀನಿನ ಮರಿ ಪಾಚಿಯನ್ನು ನೇರವಾಗಿ ತಿಂದು ಬದುಕುವುದಿಲ್ಲ. ಅದು ರೋಟಿಫರ್ ತಿನ್ನುತ್ತದೆ, ರೋಟಿಫರ್ ಪಾಚಿ ತಿನ್ನುತ್ತದೆ. ಹಾಗಾಗಿ ನೀವು ರೋಟಿಫರ್ ಮೂಲಕ ಮರಿಗೆ ಊಟ ಹಾಕುತ್ತಿದ್ದೀರಿ ಅಂತ ತಿಳಿಯಿರಿ.

ಇಲ್ಲಿ ನ್ಯಾನೊಕ್ಲೊರಾಪ್ಸಿಸ್ ರಾಜ. ಚಿಪ್ಪಿನ ಮರಿಗೆ ಆಗದ ಅದೇ ಪಾಚಿ ರೋಟಿಫರ್‌ಗೆ ಸರಿಹೋಗುತ್ತದೆ. ಉಪ್ಪಿನಂಶ ಹೆಚ್ಚು ಕಡಿಮೆ ಆದರೂ ಸಹಿಸುತ್ತದೆ, ಈ ಗುಣ ನಮ್ಮ ಕರಾವಳಿಗೆ ತುಂಬ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಘನಾಶಿನಿ, ಗಂಗಾವಳಿ ಅಳಿವೆಗಳಲ್ಲಿ ಮಳೆ ನೀರೇ ತುಂಬಿ ನೀರು ಹೆಚ್ಚೂಕಡಿಮೆ ಸಿಹಿಯಾಗಿಬಿಡುತ್ತದೆ. ಅಳಿವೆಯಿಂದ ಪಂಪ್ ಮಾಡುವವರು ಮಳೆಗಾಲದಲ್ಲಿ ಪೂರ್ತಿ ಉಪ್ಪು ನೀರೇ ಬೇಕು ಅನ್ನುವ ಪಾಚಿ ಇಟ್ಟುಕೊಂಡರೆ ನಾಲ್ಕು ತಿಂಗಳು ಒದ್ದಾಡಬೇಕು.

ಒಂದು ಕೊರತೆ ಇದೆ. ನ್ಯಾನೊಕ್ಲೊರಾಪ್ಸಿಸ್‌ನಲ್ಲಿ ಇಪಿಎ ಧಾರಾಳ, ಡಿಎಚ್‌ಎ ಇಲ್ಲವೇ ಇಲ್ಲ ಅನ್ನಬಹುದು. ಮೀನಿನ ಮರಿಯ ಕಣ್ಣಿಗೆ, ಮಿದುಳಿಗೆ ಡಿಎಚ್‌ಎ ಬೇಕು. ಆದ್ದರಿಂದ ರೋಟಿಫರನ್ನು ಮರಿಗೆ ಕೊಡುವ ಮೊದಲು ಕೆಲವು ಗಂಟೆ ಐಸೊಕ್ರೈಸಿಸ್‌ನಲ್ಲೋ ಅಂಗಡಿಯಲ್ಲಿ ಸಿಗುವ, ಡಿಎಚ್‌ಎ ತುಂಬಿಸುವ ಎನ್‌ರಿಚ್‌ಮೆಂಟ್‌ನಲ್ಲೋ ಬಿಟ್ಟು ತೆಗೆಯಿರಿ. ಇದನ್ನು ಬಿಟ್ಟರೆ ಮರಿ ಮೊದಲ ವಾರ ಚೆನ್ನಾಗೇ ಇರುತ್ತದೆ, ಆಮೇಲೆ ಕಾರಣವೇ ಗೊತ್ತಾಗದ ಹಾಗೆ ಸಾಯಲು ಶುರುವಾಗುತ್ತದೆ.

ಇನ್ನೊಂದು ಮಾತು. ರೋಟಿಫರ್ ರೂಮಿನ ಬಕೆಟ್, ಪೈಪು, ಬಲೆ ಯಾವುದೂ ಪಾಚಿ ರೂಮಿಗೆ ಹೋಗಬಾರದು. ಒಂದೇ ಒಂದು ರೋಟಿಫರ್ ಪಾಚಿಯ ಕಾರ್ಬಾಯ್ (ದೊಡ್ಡ ಬಾಟಲಿ) ಒಳಗೆ ಸೇರಿದರೂ ಸಾಕು, ಕೆಲವೇ ದಿನದಲ್ಲಿ ಹಸಿರು ನೀರು ತಿಳಿಯಾಗುತ್ತದೆ.

ಮನುಷ್ಯರು ತಿನ್ನಲಿಕ್ಕೆ

ಈಗ ಆ ಮೊದಲ ಪ್ರಶ್ನೆ, ಸ್ಪಿರುಲಿನಾ ಇಲ್ಲ ಕ್ಲೋರೆಲ್ಲಾ. ಸಣ್ಣ ಮಟ್ಟದಲ್ಲಿ ಮಾಡುವವರಿಗೆ ನಾನು ಸ್ಪಿರುಲಿನಾ ಅನ್ನುತ್ತೇನೆ. ಎರಡು ಕಾರಣ. ಒಂದು, ಅದು ಬೆಳೆಯುವ ನೀರು ಎಷ್ಟು ಕ್ಷಾರ ಅಂದರೆ ಬೇರೆ ಪಾಚಿ, ಹುಳಗಳು ಸುಲಭವಾಗಿ ಹತ್ತಿರ ಬರುವುದಿಲ್ಲ. ಇದನ್ನು ಬೆಳೆಸುವ ಝಾರೂಕ್ ಮೀಡಿಯಂನಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಇರುತ್ತದೆ, ಪಿಎಚ್ 9.5ರಿಂದ 10.5. ಎರಡು, ಅದರ ಎಳೆಗಳು ಉದ್ದ, ಹಾಗಾಗಿ ಬಟ್ಟೆಯಲ್ಲಿ ಸೋಸಬಹುದು. ಪಾಚಿ ಕೆಲಸದಲ್ಲಿ ನಿಜವಾದ ಖರ್ಚು ಬೆಳೆಸುವುದರಲ್ಲಿ ಎಷ್ಟಿದೆಯೋ ನೀರಿನಿಂದ ಬೇರೆ ಮಾಡುವುದರಲ್ಲೂ ಅಷ್ಟೇ ಇದೆ. ಕ್ಲೋರೆಲ್ಲಾ 2ರಿಂದ 10 ಮೈಕ್ರಾನಿನ ಗುಂಡು, ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಗಿರಗಿರ ತಿರುಗಿಸಿ ಬೇರೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರ ಬೇಕೇ ಬೇಕು. ಅದರ ಹೊರಗೋಡೆಯೂ ಗಟ್ಟಿ, ಒಡೆಯದಿದ್ದರೆ ನಮ್ಮ ಹೊಟ್ಟೆಗೆ ಪೂರ್ತಿ ದಕ್ಕುವುದಿಲ್ಲ.

ಈ ಪಾಠ ನಮ್ಮ ಮೈಸೂರಿನಲ್ಲೇ ಕಲಿತದ್ದು ಅನ್ನುವುದು ನನಗೆ ಹೆಮ್ಮೆ. 1970ರ ದಶಕದಲ್ಲಿ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಎಲ್. ವಿ. ವೆಂಕಟರಾಮನ್ ಅವರ ತಂಡ ಜರ್ಮನಿಯ ಸಹಕಾರದಲ್ಲಿ ಪಾಚಿಯನ್ನು ಆಹಾರ ಮಾಡುವ ಕೆಲಸ ಹಿಡಿಯಿತು. ಮೊದಲು ಅವರು ಬೆಳೆಸಿದ್ದು ಸೆನೆಡೆಸ್ಮಸ್. ಬೆಳೆಯಿತು, ಪ್ರೋಟೀನ್ ಇತ್ತು. ಆದರೆ ಗಟ್ಟಿ ಗೋಡೆ ಒಡೆಯಲು ಬಿಸಿ ರೋಲರ್ ಮೇಲೆ ಒಣಗಿಸಬೇಕು, ಸುಮ್ನೆ ಬಿಸಿಲಿಗೆ ಹಾಕಿದರೆ ಸರಿಯಾಗಿ ಅರಗುತ್ತಿರಲಿಲ್ಲ. ಸ್ಪಿರುಲಿನಾಗೆ ಆ ರಗಳೆ ಇಲ್ಲ. ಬಟ್ಟೆಯಲ್ಲಿ ಸೋಸು, ಒಣಗಿಸು, ತಿನ್ನು. ಹಳ್ಳಿಯ ಮಟ್ಟಕ್ಕೆ ಹೋಗಬಲ್ಲ ಪಾಚಿ ಅದೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆಫ್ರಿಕಾದ ಚಾಡ್ ಸರೋವರದ ದಂಡೆಯ ಹೆಂಗಸರು ಅದನ್ನು ನೀರಿನಿಂದ ಎತ್ತಿ ಮರಳ ಮೇಲೆ ಒಣಗಿಸಿ ಬಿಲ್ಲೆ ಮಾಡುತ್ತಾರೆ. ಅವರಿಗೆ ಯಾವ ಯಂತ್ರವೂ ಬೇಕಾಗಲಿಲ್ಲ.

ಎಷ್ಟು ಸಿಗುತ್ತದೆ? ತೆರೆದ ಟ್ಯಾಂಕಿನಲ್ಲಿ ದಿನಕ್ಕೆ ಚದರ ಮೀಟರಿಗೆ 6ರಿಂದ 10 ಗ್ರಾಂ ಒಣ ಪಾಚಿ ಬಂದರೆ ಚೆನ್ನಾಗಿ ಮಾಡುತ್ತಿದ್ದೀರಿ ಅಂತ. 100 ಚದರ ಮೀಟರಿಗೆ 600 ಗ್ರಾಂನಿಂದ 1 ಕಿಲೋ, ಅದೂ ಒಳ್ಳೆ ಬಿಸಿಲಿದ್ದಾಗ. ಯಾರಾದರೂ ಇದರ ಎರಡು ಮೂರು ಪಟ್ಟು ಲೆಕ್ಕ ತೋರಿಸಿ ಟ್ರೈನಿಂಗ್ ಫೀಸು ಕೇಳಿದರೆ ದಯವಿಟ್ಟು ಎದ್ದು ಬನ್ನಿ. ಟ್ಯಾಂಕ್ ಆಳ ಮಾಡಿದರೆ ಜಾಸ್ತಿ ಸಿಗುತ್ತದೆ ಅನ್ನುವುದೂ ತಪ್ಪು. ಬಿಸಿಲು ಬೀಳುವುದು ಮೇಲ್ಮೈಗೆ, ದಟ್ಟ ಹಸಿರು ನೀರಿನಲ್ಲಿ ಕೆಲವೇ ಸೆಂಟಿಮೀಟರ್ ಕೆಳಗೆ ಕತ್ತಲೆ. ಆಳ 20 ಸೆಂಟಿಮೀಟರ್ ಸಾಕು, ಕದಡುತ್ತಾ ಇರಬೇಕು ಅಷ್ಟೆ.

ಸ್ಪಿರುಲಿನಾಗೆ ಇಷ್ಟವಾದ ಬಿಸಿ 30ರಿಂದ 35 ಡಿಗ್ರಿ. ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಬಿಸಿಲು ಇದಕ್ಕೆ ಒಳ್ಳೆಯದು. ಮಲೆನಾಡಿನಲ್ಲಿ ಬೇಡ ಅಂತಲೇ ಹೇಳುತ್ತೇನೆ, ಮೋಡ ಮತ್ತು ಮಳೆ ಎರಡೂ ಜಾಸ್ತಿ. ಬಯಲುಸೀಮೆಯವರು ಬೋರ್‌ವೆಲ್ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ಗಡಸು ನೀರಾದರೆ ಸೋಡಾ ಹಾಕಿದ ಕೂಡಲೇ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಅದಕ್ಕಿಂತ ಮುಖ್ಯ, ನೀರಿನಲ್ಲಿ ಸೀಸ, ಆರ್ಸೆನಿಕ್ ಏನಾದರೂ ಇದ್ದರೆ ಸ್ಪಿರುಲಿನಾ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಕ್ಕಳಿಗೆ ಕೊಡುವ ಪುಡಿ ಇದು. ಪರೀಕ್ಷೆ ಇಲ್ಲದೆ ಒಂದು ಪ್ಯಾಕೆಟ್ಟೂ ಹೊರಗೆ ಹೋಗಬಾರದು.

ಪ್ಯಾಕೆಟ್ ಮೇಲೆ ಬರೆಯುವಾಗಲೂ ನಿಜ ಬರೆಯಿರಿ. ಒಣ ತೂಕದಲ್ಲಿ ಪ್ರೋಟೀನ್ 55ರಿಂದ 70 ಶೇಕಡಾ ಇದೆ, ಅದು ಸತ್ಯ. ಆದರೆ ಜನ ತಿನ್ನುವುದು ದಿನಕ್ಕೆ ಮೂರು ನಾಲ್ಕು ಗ್ರಾಂ, ಅದರಲ್ಲಿ ಬರುವ ಪ್ರೋಟೀನ್ ಒಂದು ಹಿಡಿ ಬೇಯಿಸಿದ ಹೆಸರುಕಾಳಿಗಿಂತ ಕಡಿಮೆ. ಬಿ12 ಇದೆ ಅಂತ ಸಸ್ಯಾಹಾರಿಗಳಿಗೆ ಮಾರುವುದು ಇನ್ನೂ ತಪ್ಪು. ಸ್ಪಿರುಲಿನಾದಲ್ಲಿರುವ ಬಿ12ರ ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪದಲ್ಲಿದೆ.

ಬಣ್ಣಕ್ಕಾಗಿ ಬೆಳೆಸುವುದು

ಡುನಾಲಿಯೆಲ್ಲಾ ಮತ್ತು ಹೆಮಾಟೊಕಾಕಸ್, ಇವೆರಡರ ರೇಟು ಕೇಳಿ ಆಸೆಪಡುವವರು ಜಾಸ್ತಿ. ಡುನಾಲಿಯೆಲ್ಲಾ ಉಪ್ಪು ಜಾಸ್ತಿ, ಬಿಸಿಲು ಜಾಸ್ತಿ, ಸಾರಜನಕ ಕಡಿಮೆ ಇದ್ದಾಗ ಕಿತ್ತಳೆ ಬಣ್ಣಕ್ಕೆ ತಿರುಗಿ ಒಣ ತೂಕದ ಶೇಕಡಾ 10ರವರೆಗೂ ಬೀಟಾ ಕೆರೋಟಿನ್ ಕೂಡಿಡುತ್ತದೆ. ಉಪ್ಪು ನೀರು ಮತ್ತು ಬಯಲು ಜಾಗ ಇರುವವರಿಗೆ ಇದು ಯೋಚಿಸಬಹುದಾದ ದಾರಿ. ಆಸ್ಟ್ರೇಲಿಯಾದ ಹಟ್ ಲಗೂನ್‌ನಲ್ಲಿ ಉಪ್ಪಿನ ಕೊಳಗಳಲ್ಲೇ ಬೆಳೆಸುತ್ತಾರೆ.

ಹೆಮಾಟೊಕಾಕಸ್ ಕೊಡುವುದು ಆಸ್ಟಾಕ್ಸಾಂಥಿನ್, ಸಾಲ್ಮನ್ ಮೀನಿನ ಮಾಂಸಕ್ಕೆ ಆ ಕೆಂಪು ಬರುವುದು ಇದೇ ಬಣ್ಣದಿಂದ. ರೇಟು ದೊಡ್ಡದು. ಆದರೆ ಇದು ನಿಧಾನವಾಗಿ ಬೆಳೆಯುವ ಸಿಹಿನೀರಿನ ಪಾಚಿ, 20ರಿಂದ 25 ಡಿಗ್ರಿ ತಂಪು ಕೇಳುತ್ತದೆ. ಮೊದಲು ಹಸಿರಾಗಿ ಬೆಳೆಸಬೇಕು, ಆಮೇಲೆ ಕಷ್ಟ ಕೊಟ್ಟು ಕೆಂಪು ಮಾಡಬೇಕು. ನಡುವೆ ಶಿಲೀಂಧ್ರದಂಥ ಪರಾವಲಂಬಿ ಹೊಕ್ಕರೆ ಇಡೀ ಟ್ಯಾಂಕ್ ಹೋಗುತ್ತದೆ. ಮೊದಲ ಪಾಚಿಯಾಗಿ ಇದನ್ನು ಹಿಡಿಯಬೇಡಿ.

ತೆರೆದ ಟ್ಯಾಂಕಾ, ಮುಚ್ಚಿದ ಕೊಳವೆಯಾ

ಪ್ಯಾಡಲ್ ಚಕ್ರ ತಿರುಗುವ ಓಟದ ಹಾದಿಯಂಥ ಟ್ಯಾಂಕನ್ನು 1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ವಿಲಿಯಂ ಆಸ್ವಾಲ್ಡ್ ಕೊಳಚೆ ನೀರು ಶುದ್ಧ ಮಾಡಲು ರೂಪಿಸಿದರು. ಇವತ್ತಿಗೂ ಅದಕ್ಕಿಂತ ಅಗ್ಗದ್ದು ಬಂದಿಲ್ಲ. ಸ್ಪಿರುಲಿನಾ, ಡುನಾಲಿಯೆಲ್ಲಾ ತಮ್ಮ ನೀರಿನಿಂದಲೇ ಶತ್ರುಗಳನ್ನು ದೂರ ಇಡುವುದರಿಂದ ಅವಕ್ಕೆ ತೆರೆದ ಟ್ಯಾಂಕ್ ಸಾಕು. ಹೆಮಾಟೊಕಾಕಸ್‌ನಂಥ ನಾಜೂಕಿನವಕ್ಕೆ ಮುಚ್ಚಿದ ಕೊಳವೆ ಬೇಕಾಗುತ್ತದೆ.

ಕೊಳವೆ ನೋಡಲು ಚೆಂದ. ಬೆಲೆ ಕೇಳಿದ ಮೇಲೆ ಇನ್ನೂ ಮೂರು ವಿಷಯ ಕೇಳಿ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ನೀರು ಕಾದಾಗ ತಣಿಸುವುದು ಹೇಗೆ? ಪಾಚಿ ಬಿಡುವ ಆಮ್ಲಜನಕ ಒಳಗೇ ತುಂಬಿ ಪಾಚಿಗೇ ತೊಂದರೆ ಕೊಡುತ್ತದಲ್ಲ, ಅದನ್ನು ಹೊರಗೆ ಹಾಕುವುದೆಲ್ಲಿ? ಗೋಡೆಗೆ ಅಂಟಿದ ಪಾಚಿ ತೊಳೆಯುವುದು ಹೇಗೆ? ಮಾರುವವರು ಈ ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಮಾತ್ರ ಮುಂದಿನ ಮಾತು.

ಜೀವಂತ ಪಾಚಿಯಾ, ಪೇಸ್ಟಾ

ಪಾಚಿ ತಾವೇ ಬೆಳೆಸಬೇಕಾ, ಗಟ್ಟಿ ಮಾಡಿದ ಪೇಸ್ಟ್ ತರಿಸಬೇಕಾ, ಸಣ್ಣ ಹ್ಯಾಚರಿಯವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಪಾಚಿ ರೂಮಿಗೆ ವರ್ಷದ 365 ದಿನವೂ ಒಬ್ಬರು ಬೇಕು, ಹಬ್ಬಕ್ಕೂ ರಜೆ ಇಲ್ಲ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಹಳೆಯದರಿಂದ ಹೊಸದಕ್ಕೆ, ಫ್ಲಾಸ್ಕಿನಿಂದ ಕಾರ್ಬಾಯ್‌ಗೆ, ಕಾರ್ಬಾಯ್‌ನಿಂದ ಟ್ಯಾಂಕಿಗೆ ದಾಟಿಸುತ್ತಲೇ ಇರಬೇಕು, ಒಂದು ದಿನ ತಡವಾದರೆ ಕಲ್ಚರ್ ಮುದಿಯಾಗುತ್ತದೆ. ನ್ಯಾನೊಕ್ಲೊರಾಪ್ಸಿಸ್ ಪೇಸ್ಟ್ ತರಿಸಿ ರೋಟಿಫರ್ ಬೆಳೆಸುವುದು ಚೆನ್ನಾಗಿ ನಡೆಯುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೀಗಡಿ ಝೋಯಿಯಾಗೆ ಬರೀ ಪೇಸ್ಟ್ ಮೇಲೆ ನಂಬಿಕೆ ಇಡಬೇಡಿ. ಸತ್ತ ಕೋಶ ತಳಕ್ಕೆ ಕೂರುತ್ತದೆ, ಕೊಳೆತು ನೀರು ಕೆಡಿಸುತ್ತದೆ. ಜೀವಂತ ಪಾಚಿ ತಿನ್ನುವವರೆಗೂ ತೇಲಿಕೊಂಡಿದ್ದು ನೀರಿನ ಅಮೋನಿಯಾ ಹೀರುತ್ತಿರುತ್ತದೆ. ಪೇಸ್ಟ್ ಇಡುವವರು ಫ್ರಿಜ್ಜಿಗೆ ಜನರೇಟರ್ ಲೈನ್ ಕೊಡಿಸಿ, ನಮ್ಮ ಕರಾವಳಿಯ ಮಳೆಗಾಲದ ಕರೆಂಟ್ ಗೊತ್ತೇ ಇದೆಯಲ್ಲ.

ಥೀಸಿಸ್‌ಗೆ ಆರಿಸುವವರಿಗೆ

ಮಂಗಳೂರಿನ ಫಿಶರೀಸ್ ಕಾಲೇಜಿನಿಂದ ಹಿಡಿದು ಎಲ್ಲ ಕಡೆಯ ವಿದ್ಯಾರ್ಥಿಗಳೂ ಒಮ್ಮೆಯಾದರೂ "ಪಾಚಿಯಿಂದ ಡೀಸೆಲ್" ಅನ್ನುವ ವಿಷಯಕ್ಕೆ ಮನಸೋಲುತ್ತಾರೆ. ಅಮೆರಿಕ 1978ರಿಂದ 1996ರವರೆಗೆ ಇದೇ ಕೆಲಸಕ್ಕೆ ಸರಕಾರದ ದುಡ್ಡು ಹಾಕಿ, ನ್ಯೂ ಮೆಕ್ಸಿಕೋದಲ್ಲಿ ದೊಡ್ಡ ಕೊಳಗಳನ್ನೇ ಮಾಡಿ ನೋಡಿತು. ಪೆಟ್ರೋಲಿಯಂ ಬೆಲೆಗೆ ಸರಿಸಾಟಿಯಾಗಲಿಲ್ಲ. ಒಳಗಿನ ತೊಡಕು ಸರಳ. ಎಣ್ಣೆ ಜಾಸ್ತಿ ಬರಲಿ ಅಂತ ಸಾರಜನಕ ನಿಲ್ಲಿಸಿದರೆ ಪಾಚಿ ಬೆಳೆಯುವುದನ್ನೂ ನಿಲ್ಲಿಸುತ್ತದೆ. ಜೊತೆಗೆ ಒಂದು ಕಿಲೋ ಒಣ ಪಾಚಿಗೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಒದಗಿಸಬೇಕು.

ಅದರ ಬದಲು ನಮ್ಮ ಅಳಿವೆಗಳಲ್ಲೇ ಸಿಗುವ ಕೀಟೊಸೆರಾಸ್ ತಳಿ ಹಿಡಿದು ಬೇರೆ ಮಾಡಿ, ಉಪ್ಪಿನಂಶ 10, 20, 30 ಪಿಪಿಟಿಯಲ್ಲಿ (ಸಾವಿರ ಭಾಗಕ್ಕೆ ಅಷ್ಟು ಭಾಗ ಉಪ್ಪು) ಬೆಳೆಸಿ, ಯಾವುದು ಮಳೆಗಾಲ ತಡೆಯುತ್ತದೆ ನೋಡಿ. ಅದನ್ನು ಸೀಗಡಿ ಮರಿಗೆ ತಿನ್ನಿಸಿ ಎಷ್ಟು ಉಳಿಯುತ್ತವೆ ಎಣಿಸಿ. ಖರ್ಚು ಕಡಿಮೆ, ಎರಡು ವರ್ಷದಲ್ಲಿ ಮುಗಿಯುತ್ತದೆ, ಕುಮಟಾ, ಕಾರವಾರದ ಕಡೆಯವರಿಗೆ ನಾಳೆಯೇ ಕೆಲಸಕ್ಕೆ ಬರುತ್ತದೆ.

ಯಾವುದನ್ನೇ ಆರಿಸಿದರೂ ತಳಿಯನ್ನು ಸಿಎಂಎಫ್‌ಆರ್‌ಐ ಅಥವಾ ಸಿಐಬಿಎದಂಥ (ಕೇಂದ್ರ ಚೌಳುನೀರಿನ ಜಲಕೃಷಿ ಸಂಸ್ಥೆ) ಕಡೆಯಿಂದ ಹೆಸರು, ಮೂಲ ಎಲ್ಲ ಬರೆಸಿಕೊಂಡು ತನ್ನಿ. ಬಂದ ದಿನವೇ ಮೂರು ಭಾಗ ಮಾಡಿ. ಒಂದು ನಿಮ್ಮ ಶೆಲ್ಫಿನಲ್ಲಿ, ಒಂದು ಕಟ್ಟಡದ ಇನ್ನೊಂದು ತುದಿಯ ರೂಮಿನಲ್ಲಿ, ಒಂದು ಗೆಳೆಯರ ಲ್ಯಾಬಿನಲ್ಲಿ. ಟ್ಯಾಂಕಿಗೆ ಪಾಚಿ ಹಾಕುವ ಹಿಂದಿನ ರಾತ್ರಿ ನೀರಿಗೆ ಕ್ಲೋರಿನ್ ಹಾಕಿ, ಬೆಳಿಗ್ಗೆ ಕ್ಲೋರಿನ್ ತೆಗೆಯಲು ಥಯೋಸಲ್ಫೇಟ್ ಹಾಕಿ, ಕ್ಲೋರಿನ್ ಪತ್ತೆ ಮಾಡುವ ಆರ್ಥೊಟೊಲಿಡಿನ್ ಎರಡು ಹನಿ ಬಿಟ್ಟು ನೋಡಿ. ಹಳದಿ ಬಂದರೆ ಕ್ಲೋರಿನ್ ಇನ್ನೂ ಉಳಿದಿದೆ, ಬಣ್ಣ ಬಾರದಿದ್ದರೆ ಪಾಚಿ ಬಿಡಬಹುದು.